ಕಾಶಿಬಾಯಿಯ ದನಿ

“ಯಾರೂ ಮಾತಾಡಬ್ಯಾಡ್ರಿ. ಈಗ ಬರ್ತಾಳ,” ಎಂದ ಭೀಮಶಾ.

ಹಗ್ಗದ ಹೊರಸಿನ ನಡುವೆ ಒಂದು ಹಳೆಯ ಗುಂಡಿ ಫೋನಿತ್ತು. ಅದರ ಸ್ಪೀಕರು ಹಾಕಿ, ಎರಡೂ ಕೈಗಳನ್ನು ಮೊಣಕಾಲ ಮೇಲಿಟ್ಟುಕೊಂಡು, ಬೀಗರ ಮುಂದೆ ಕೂತವನಂತೆ ಅವನು ನೆಟ್ಟಗೆ ಕೂತ. ಎದುರಿನ ಪರಸಿ ಕಲ್ಲಿನ ಕಟ್ಟೆಯ ಮೇಲೆ ಸುಲಭಾ ಮತ್ತು ಅಮಿತಾ ಉಸಿರು ಬಿಗಿಹಿಡಿದಿದ್ದರು. ಸರಸಂಬಾ ಊರು ಹಿಂದೆ ಉಳಿದಿತ್ತು. ಭೀಮಶಾನ ಮನೆ ಹೊಲದೊಳಗಿನ ಒಂಟಿ ಮನೆ. ಸುತ್ತ ಕೊಯ್ದ ತೊಗರಿಯ ಮೊಂಡು ಕೂಳೆಗಳ ಹೊರತು ಇನ್ನೇನೂ ಇರಲಿಲ್ಲ.

ಫೋನು ಒಂದೆರಡು ಸಲ ಗುಂಯ್‌ಗುಟ್ಟಿತು.

“ನಮಸ್ಕಾರ್ರಿ, ನೆಲದನಿಗೆ ಬಂದೀರಿ. ಮಳಿ ಸುದ್ದಿ ಕೇಳ್ತೀರೋ, ಪ್ಯಾಟಿ ದರ ಕೇಳ್ತೀರೋ?”

ನಡುವಯಸ್ಸಿನ ಹೆಂಗಸಿನ ದನಿ. ಸ್ವಲ್ಪ ಒರಟು. ಮಾತಿನ ಕೊನೆಗೆ ನಗು ತಡೆದುಕೊಂಡಂತೆ ಏರುವ ರಾಗ. ಕಲಬುರಗಿ ಸೀಮೆಯ ಎಷ್ಟೋ ಒಕ್ಕಲು ಮನೆಗಳಿಗೆ ಈ ದನಿ ಗೊತ್ತು. ಮೋಡ ಕಟ್ಟಿದರೆ, ಬೆಳೆಗೆ ಹುಳ ಬಿದ್ದರೆ ಜನ ಈ ದನಿಗೇ ಫೋನು ಮಾಡುತ್ತಾರೆ.

ಆ ದನಿಯ ಒಡತಿ, ಭೀಮಶಾನ ಹೆಂಡತಿ ಕಾಶಿಬಾಯಿಯನ್ನು ಹೋದ ಮಳೆಗಾಲದಲ್ಲಿ ಇದೇ ಹೊಲದ ಮೂಲೆಯಲ್ಲಿ ಮಣ್ಣು ಮಾಡಿದ್ದರು.

ಭೀಮಶಾ ಏನೂ ಕೇಳಲಿಲ್ಲ. ದನಿ ಅದೇ ಮಾತನ್ನು ಅದೇ ರಾಗದಲ್ಲಿ ಮತ್ತೊಮ್ಮೆ ಹೇಳಿತು. ಅವನು ಸುಮ್ಮನೇ ಇದ್ದ. ಮೂರನೆಯ ಸಲ ಹೇಳುವ ಹೊತ್ತಿಗೆ ಫೋನಿನೊಳಗೆ ಸಣ್ಣದೊಂದು ಟಿಕ್ ಎಂಬ ಸಪ್ಪಳವಾಯಿತು.

ಆಮೇಲೆ ಉಸಿರು ಕೇಳಿಸಿತು. ಯಾರೋ ಹತ್ತಿರ ಬಂದು ಕೂತಂತೆ.

“ಇವತ್ತೂ ಸುಮ್ನ ಕುಂತೀರಿ?” ಎಂದಿತು ಅದೇ ದನಿ, ಮೆಲ್ಲಗೆ. “ಊಟಾ ಆತೇನ್ರಿ?”

ಸುಲಭಾಳ ಮುಂಗೈ ಮೇಲಿನ ಕೂದಲು ನಿಮಿರಿದವು.

“ಆತು ಬೇ,” ಎಂದ ಭೀಮಶಾ. “ರೊಟ್ಟಿ ತಿಂದೆ.”

“ಮನ್ಯಾಗ ಯಾರರ ಬಂದಾರೇನ್ರಿ?”

ಭೀಮಶಾ ಸುಲಭಾಳ ಮುಖ ನೋಡಿದ. ಅವಳು ಇಲ್ಲ ಎಂಬಂತೆ ತಲೆಯಾಡಿಸಿದಳು.

“ಯಾರೂ ಇಲ್ಲ.”

ದನಿಯ ಹಿಂದೆ, ದೂರದಲ್ಲಿ, ಧಡ್ ಧಡ್ ಎಂದು ಒಂದೇ ಲಯದ ಸದ್ದು. ಪಟ್ಟಿ ಸುತ್ತುವ ಹಿಟ್ಟಿನ ಗಿರಣಿಯ ಸದ್ದು.

“ಪುಣೆದವ್ರು ಬಂದ್ರ ಒಳಗ ಕರ್ಕೋಬ್ಯಾಡ್ರಿ. ತಿಳೀತೇನ್ರಿ? ಯಾರ್ ಬಂದ್ರೂ ಬ್ಯಾಡ.”

ಫೋನು ಕಡಿಯಿತು.

ಅಮಿತಾ ಎದ್ದು ನಿಂತಳು. ಬಿಸಿಲಲ್ಲಿಯೂ ಅವಳ ಮುಖ ಬಿಳಿಚಿಕೊಂಡಿತ್ತು. “ಪುಣೆದವ್ರು ಅಂದ್ರ ನಾವೇ,” ಎಂದಳು. “ನಾನು, ಅತುಲ. ನಮ್ಮನ್ನೇ ಅನ್ನಾಕತ್ತಾಳ ಆಕಿ.”

ಅತುಲ ಅಫಜಲಪುರಕರನನ್ನು ಹುಡುಕಿಕೊಡಿ ಎಂದು ಅವನ ಹೆಂಡತಿ ಮಂಜರಿ ಪುಣೆಯಿಂದ ಅತ್ತು ಬೇಡಿಕೊಂಡಿದ್ದರಿಂದಲೇ ಸುಲಭಾ, ಅವನು ಕೊನೆಗೆ ನೋಡಿದ ಕಂಪನಿಯ ಈ ದನಿಯ ಜಾಡು ಹಿಡಿದು, ಹೊಲಕ್ಕೆ ಬಂದಿದ್ದಳು. ಪೊಲೀಸ್ ಕೆಲಸ ಬಿಟ್ಟು ಕಲಬುರಗಿಯಲ್ಲಿ ಖಾಸಗಿ ಪತ್ತೇದಾರಿಕೆ ಶುರು ಮಾಡಿದ ಮೇಲೆ, ಸತ್ತವರ ಮಾತು ಕೇಳಿಸಿಕೊಳ್ಳುವ ಪ್ರಸಂಗ ಅವಳಿಗೆ ಬಂದಿದ್ದು ಇದೇ ಮೊದಲು.

ಸಣ್ಣ ಊರುಗಳ ಮೊಬೈಲ್ ಕಂಪನಿಗಳನ್ನು ಅಧ್ಯಯನ ಮಾಡಲೆಂದು ಪುಣೆಯಿಂದ ಅತುಲನೂ ಇದ್ದ ಒಂದು ತಂಡ ಬಂದಿತ್ತು. ಪ್ರವಾಸದ ಕಾರ್ಯಕ್ರಮ ಹೊಂದಿಸಿದವಳು ಅಮಿತಾ. ಮುಂಜಾನೆ ಕಂಪನಿ ಭೇಟಿ, ಆಮೇಲೆ ಊರು ನೋಡುವುದು. ಆಳಂದದ ದರ್ಗಾ ಆಯಿತು, ಸನ್ನತಿಯ ಸ್ತೂಪ ಆಯಿತು, ಜೇವರ್ಗಿಯ ‘ನೆಲದನಿ’ ಆಯಿತು. ಕೊನೆಗೆ ಗಾಣಗಾಪುರ. ಭೀಮಾ ಅಮರಜಾ ಕೂಡುವ ಸಂಗಮದ ಮೆಟ್ಟಿಲ ಮೇಲೆ ಅತುಲನ ಚಪ್ಪಲಿ ಸಿಕ್ಕವು. ಅತುಲ ಸಿಗಲಿಲ್ಲ. ಮುಳುಗಿರಬೇಕು ಎಂದರು ಪೊಲೀಸರು. ಉಳಿದವರು ಪುಣೆಗೆ ಹೊರಟುಹೋದರು. ಅಮಿತಾ ಒಬ್ಬಳೇ, ಗೆಳೆಯ ಸಿಗುವ ತನಕ ಹೋಗುವುದಿಲ್ಲ ಎಂದು ಉಳಿದುಕೊಂಡಿದ್ದಳು.

“ಕಾಕಾ,” ಎಂದಳು ಸುಲಭಾ, “ನೀವು ಸುಮ್ಮನಿದ್ದಾಗೆಲ್ಲ ಹಿಂಗ ಮಾತಾಡ್ತಾಳೇನು?”

“ಮದಲ ಬರೀ ದರ ಹೇಳ್ತಿದ್ಲರಿ. ನಾ ಸುಮ್ನ ಕೇಳ್ಕೋತ ಕುಂದ್ರತಿದ್ದೆ. ಒಂದಿನ ಊಟಾ ಆತೇನ್ರಿ ಅಂದ್ಲು.” ಭೀಮಶಾ ಟವೆಲಿನಿಂದ ಮುಖ ಒರೆಸಿಕೊಂಡ. “ನಂಗ ಗೊತ್ತದ ಅಕ್ಕಾರ, ಅದು ಮಿಶಿನ್ನು ಅಂತ. ಮಗಾ ಹೇಳ್ಯಾನ, ಊರ ಮಂದಿ ಹೇಳ್ಯಾರ. ಆದ್ರ ಊಟಾ ಆತೇನು ಅಂತ ಕೇಳಿದ ಮ್ಯಾಲ ಮಿಶಿನ್ನಂತ ಹ್ಯಾಂಗ ತಿಳ್ಕೊಳ್ಳಿ?”

“ಆಕಿ ಹೋಗಿದ್ದನ್ನ ನೀವು ಕಣ್ಣಾರೆ ನೋಡೀರಿ?”

“ನನ್ನ ತೊಡಿ ಮ್ಯಾಲೇ ಜೀವಾ ಬಿಟ್ಟಾಳ್ರಿ. ಜ್ವರ ತಲಿಗೇರಿತ್ತು. ಮುಖಾ ನೋಡೇ ಮಣ್ಣು ಕೊಟ್ಟೇನಿ.” ಅವನು ಹೊಲದ ಮೂಲೆಯತ್ತ ನೋಡಲಿಲ್ಲ. ನೋಡದೆ ಇರುವುದನ್ನು ರೂಢಿ ಮಾಡಿಕೊಂಡವನ ಹಾಗಿತ್ತು ಆ ಕತ್ತು. “ಆಕಿ ಇದ್ದಾಗ ಜೇವರ್ಗಿಗೆ ಕರ್ಕೊಂಡು ಹೋಗಿ ದನಿ ತುಂಬ್ಕೊಂಡ್ರು. ಬಳಿ ಸಪ್ಪಳ ಆಗ್ತದ, ತಗೀರಿ ಅಂದ್ರಂತ. ಗಂಡ ಇರೂ ಹೆಣಮಗಳು ಹ್ಯಾಂಗ ತಗೀಲಿ ಅಂತ ಜಗಳಾ ತಗದು, ಕೈಗೆ ಅರಿವಿ ಸುತ್ಕೊಂಡು ಕುಂತಿದ್ಲು. ಮನಿಗಿ ಬಂದು ನಕ್ಕೋತ ಹೇಳಿದ್ಲು.”

“ಅತುಲ ಇಲ್ಲಿಗಿ ಬಂದಿದ್ರಾ?”

ಅಮಿತಾ ತಟ್ಟನೆ ತಿರುಗಿದಳು. ಅವಳಿಗೂ ಇದು ಹೊಸ ಪ್ರಶ್ನೆ ಎಂಬಂತೆ.

“ಬಂದಿದ್ರು. ಆಳಂದ ದರ್ಗಾದಿಂದ ಒಬ್ರೇ ಬಂದ್ರು. ಅಫಜಲಪುರದ ಮಂದಿಯಂತ. ಪುಣೆದಾಗ ಬೆಳದ್ರೂ ಅಜ್ಜಿ ಕಲಿಸಿದ ನಮ್ಮ ಮಾತು ಚೊಲೊ ಆಡ್ತಿದ್ರು. ಹಿಂಗೇ ಫೋನ್ ಹಚ್ಚು ಅಂದ್ರು. ಕೇಳಿದ್ರು. ಈ ದನಿ ಮಾರಾಕ ನಿಮಗ ಯಾರರ ಕೇಳ್ಯಾರೇನು ಅಂದ್ರು. ಇಲ್ಲ ಅಂದೆ. ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿ ಹೋದ್ರು.”

ಸುಲಭಾ ಏಳುತ್ತಲೇ ಅಮಿತಾ ಅವಳ ತೋಳು ಹಿಡಿದಳು. “ಇದು ಸುಶಾಂತನ ಆಟ,” ಎಂದಳು ಪಿಸುದನಿಯಲ್ಲಿ. “ನೆಲದನಿ ಕಂಪನಿ ಆತಂದು. ನಾವು ಈ ಕಾಕಾನ ಹತ್ರ ಬರಬಾರದು ಅಂತ ಯಂತ್ರದ ಕೈಲೆ ಹೆದರಸಾಕತ್ತಾನ. ನೀವು ಜೇವರ್ಗಿಗೆ ಹೋಗಿ ಆತನ್ನ ಹಿಡೀರಿ. ನಾನಿಲ್ಲೇ ಇರ್ತೀನಿ. ಪಾಪ, ಮುದುಕನ್ನ ಒಬ್ಬನ್ನೇ ಬಿಡಬಾರದು.”

ಅದು ಸರಿ ಎನಿಸಿತು ಸುಲಭಾಳಿಗೆ. ಮಾತು ನಿಕ್ಕಿ ಮಾಡಿಕೊಂಡರು. ಜೇವರ್ಗಿ ಮುಟ್ಟಿ ಸುಲಭಾ ಫೋನು ಮಾಡಿದಾಗ ಭೀಮಶಾ ಇಲ್ಲಿಂದ ನೆಲದನಿಗೆ ಕರೆ ಹಚ್ಚಬೇಕು. ಅಮಿತಾ ತನ್ನ ಫೋನನ್ನು ಅದರ ಪಕ್ಕ ಹಿಡಿಯಬೇಕು.

ಕಾರು ಹೊಲದ ದಾರಿ ದಾಟುವಾಗ ಸುಲಭಾ ಕನ್ನಡಿಯಲ್ಲಿ ನೋಡಿದಳು. ಭೀಮಶಾ ಇನ್ನೂ ಹೊರಸಿನ ಮೇಲೇ ಕೂತಿದ್ದ. ಅಮಿತಾ ಅವನಿಗೆ ಕೊಡದಿಂದ ನೀರು ಬಗ್ಗಿಸಿ ಕೊಡುತ್ತಿದ್ದಳು.

* * *

ಆಳಂದ ದಾಟಿ, ಕಲಬುರಗಿ ದಾಟಿ, ಕಟ್ಟಿಸಂಗಾವಿಯ ಸೇತುವೆಯ ಮೇಲೆ ಸುಲಭಾ ಕಾರು ನಿಲ್ಲಿಸಿದಳು.

ಕೆಳಗೆ ಭೀಮಾ ಕಂದಾಗಿ, ನಿಧಾನವಾಗಿ ಹರಿಯುತ್ತಿತ್ತು. ಗಾಣಗಾಪುರದಲ್ಲಿ ಬಿದ್ದದ್ದು ಇಲ್ಲಿಗೆ ಬರಲೇಬೇಕು. ದಂಡೆಯಲ್ಲಿ ಬಲೆ ಬಿಡಿಸುತ್ತಿದ್ದ ಮೀನುಗಾರನನ್ನು ಕೂಗಿ ಕೇಳಿದಳು.

“ಪೊಲೀಸ್ರು ನಮಗೂ ಹೇಳಿ ಹೋಗ್ಯಾರ್ರಿ,” ಎಂದ ಅವನು ತಲೆಯೆತ್ತಿ. “ದಿನಾ ನೋಡಾಕತ್ತೀವಿ. ಕಟಿಗಿ ಬಂತು, ಸತ್ತ ಕರಾ ಬಂತು. ಮನಿಷ್ಯಾ ಬಂದಿಲ್ಲ.”

ನೀರಿನ ಮೇಲೆ ಗಾಳಿ ಸುಳಿಯಿತು. ಬಂದಿಲ್ಲ ಎಂಬ ಮಾತು ಸಮಾಧಾನ ಕೊಡಬೇಕಿತ್ತು, ಕೊಡಲಿಲ್ಲ. ಮುಂಜಾನೆ ಕೇಳಿದ ಉಸಿರು ಕಿವಿಯೊಳಗೇ ಉಳಿದುಕೊಂಡಿತ್ತು. ಕಾರಿನ ಗಾಜು ಏರಿಸಿದರೂ ಅದು ಹೊರಗೆ ಹೋಗಲಿಲ್ಲ.

ಜೇವರ್ಗಿಯ ಹೆದ್ದಾರಿಗೆ ಮುಖ ಮಾಡಿದ ಗೊಬ್ಬರದ ಅಂಗಡಿ. ಅದರ ಮೇಲಂತಸ್ತಿನಲ್ಲಿ ‘ನೆಲದನಿ ಮೊಬೈಲ್ ಸೇವೆ’ ಎಂಬ ಹಸಿರು ಫಲಕ. ವಿಜಯಪುರದ ಕಡೆ ಹೋಗುವ ಲಾರಿಗಳು ಹಾದಾಗಲೆಲ್ಲ ಕಿಟಕಿಯ ಗಾಜು ಝಲ್ಲೆನ್ನುತ್ತಿತ್ತು.

ಸುಶಾಂತ ನಗುತ್ತಲೇ ಬಾಗಿಲಿಗೆ ಬಂದ. ಮೂವತ್ತು ದಾಟಿರದ ಮುಖ, ನಿದ್ದೆಗೆಟ್ಟ ಕಣ್ಣು. “ಬರ್ರಿ ಮೇಡಮ್. ಅತುಲ ಸರ್ ಸುದ್ದಿ ಏನರ ತಿಳೀತೇನ್ರಿ?”

“ತಿಳಕೊಳ್ಳಾಕ ಬಂದೀನಿ. ಕಾಶಿಬಾಯಿ ಕುಂತು ಮಾತಾಡಿದ ಖೋಲಿ ತೋರಸ್ರಿ.”

ಅವನ ನಗು ಅರೆಗಳಿಗೆ ನಿಂತು ಮತ್ತೆ ಬಂತು.

ಒಳಗಿನ ಕೋಣೆಗೆ ಕಿಟಕಿಯಿರಲಿಲ್ಲ. ಹೊರಗಿನ ಸದ್ದು ಬರದಿರಲೆಂದು ನಾಲ್ಕು ಗೋಡೆಗೂ ಹಳೆಯ ಕೌದಿ ಹೊಡೆದಿದ್ದರು. ಯಾರ್ಯಾರೋ ಉಟ್ಟು ಸವೆಸಿದ ಸೀರೆಗಳ ತುಂಡುಗಳು. ನಡುವೆ ಒಂದು ಮಣೆ, ಅದರೆದುರು ಮೈಕು. ಬಾಗಿಲು ಮುಚ್ಚಿದೊಡನೆ ಲಾರಿಗಳು, ಹೆದ್ದಾರಿ, ಜೇವರ್ಗಿ ಎಲ್ಲ ಇಲ್ಲವಾದವು. ಸುಲಭಾಳಿಗೆ ತನ್ನ ರಕ್ತ ಹರಿಯುವುದೇ ಕೇಳಿಸಿದಂತಾಯಿತು.

“ಇಲ್ಲೇ ಕುಂದ್ರತಿದ್ರು,” ಎಂದ ಸುಶಾಂತ. ಅವನ ಮಾತೂ ಗೋಡೆಗೆ ಹೀರಿಹೋಯಿತು. “ಮಾತಷ್ಟೇ ಅಲ್ಲ ಮೇಡಮ್, ಅವರ ಉಸಿರು, ಕೆಮ್ಮು, ನಗು, ಎಲ್ಲಾ ತುಂಬೀವಿ. ಅದಕ್ಕೇ ಮಂದಿಗೆ ಅದು ಯಂತ್ರ ಅನ್ನಸಂಗಿಲ್ಲ.”

“ಯಂತ್ರ ಹೌದೇನು?”

“ಅಂದ್ರ?”

“ಪುಣೆದವ್ರನ್ನ ಒಳಗ ಕರ್ಕೋಬ್ಯಾಡ್ರಿ ಅಂತ ಇವತ್ತ ಮುಂಜಾನಿ ಭೀಮಶಾ ಕಾಕಾಗ ಹೇಳ್ಯದ ನಿಮ್ಮ ಯಂತ್ರ. ಅದಕ್ಕ ಯಾರು ಕಲಿಸಿದ್ರು?”

ಸುಶಾಂತ ತಲೆ ಕೊಡವಿದ. “ಇಲ್ರಿ. ಮಳಿ, ದರ, ಗೊಬ್ಬರ, ಇಷ್ಟೇ ಅದಕ್ಕ ಬರೂದು. ಕಾಕಾಗ ಹೆಂಡ್ತಿ ಹೋದ ಮ್ಯಾಲ ಮನಸ್ಸು ನೆಟ್ಟಗಿಲ್ಲ. ಏನೇನೋ ಕೇಳಿಸಿದಂಗ ಆಗ್ತಿರಬೇಕು.”

“ನಂಗೂ ಕೇಳಿಸ್ತು. ನನ್ನ ಮನಸ್ಸು ನೆಟ್ಟಗೇ ಅದ.”

ಅವನು ಮಣೆಯನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದ.

“ಆ ದನಿ ಹಿಂದ ಗಿರಣಿ ಸಪ್ಪಳ ಇತ್ತು, ಸುಶಾಂತ ಅವ್ರ. ಇಷ್ಟು ಕೌದಿ ಹೊಡದು ದನಿ ತುಂಬೀರಿ. ಒಳಗ ಗಿರಣಿ ಎಲ್ಲಿಂದ ಬಂತು? ಮಾತಾಡಿದ್ದು ಯಂತ್ರ ಅಲ್ಲ. ಎಲ್ಲೋ ಒಂದು ಕಡೆ ಕುಂತ ಮನುಷ್ಯರು.”

ಸುಶಾಂತ ಮೈಕಿನ ಮೇಲೆ ಕೈಯಿಟ್ಟ.

“ಹೊರಗ ಹೇಳಬ್ಯಾಡ್ರಿ ಮೇಡಮ್,” ಎಂದ ಕಡೆಗೆ. “ಯಂತ್ರಕ್ಕ ಎಲ್ಲಾ ತಿಳಿಯಂಗಿಲ್ಲ. ಮಂದಿ ಏನೇನರ ಕೇಳ್ತಾರ. ಎಮ್ಮಿ ಹಾಲು ಕೊಡವಲ್ದು ಅಂತಾರ, ಮಗಳಿಗೆ ಗಂಡು ನೋಡು ಅಂತಾರ. ಕೆಲವ್ರು ಸುಮ್ನೇ ಇರ್ತಾರ. ಅಂಥಾ ಕರೆ ಬಂದ್ರ ನಮ್ಮ ಹುಡುಗ್ಯಾರು ತಗೋತಾರ. ಅವರು ಮಾತಾಡ್ತಾರ, ಕೇಳವ್ರಿಗೆ ಕಾಶಿಬಾಯಿ ಕೇಳ್ತಾಳ. ದನಿಗೆ ಮುಸುಕು ಹಾಕಿದಂಗ.”

“ತೋರಸ್ರಿ.”

ಪಕ್ಕದ ಕೋಣೆಯಲ್ಲಿ ಇಬ್ಬರು ತರುಣಿಯರು ಕಿವಿಗೆ ಹೆಡ್‌ಫೋನು ಹಾಕಿಕೊಂಡು ಕೂತಿದ್ದರು. ಒಬ್ಬಳು ನೂರೀನ, ಇನ್ನೊಬ್ಬಳು ಗುಲನಾಜ. ಸುಶಾಂತ ಹೇಳಿದಂತೆ ನೂರೀನ ತನ್ನ ಕರೆಯನ್ನು ಸ್ಪೀಕರಿಗೆ ಹಾಕಿದಳು. ಯಾವುದೋ ಊರಿನ ರೈತ ಕಡಲೆಗೆ ಬಿದ್ದ ಹುಳದ ಬಗ್ಗೆ ಕೇಳುತ್ತಿದ್ದ.

ನೂರೀನ ಬಾಯಿ ತೆರೆದಳು. ಕಾಶಿಬಾಯಿ ಮಾತಾಡಿದಳು.

ಎಳೆಯ ತುಟಿ ಅಲುಗುತ್ತಿತ್ತು, ಸತ್ತವಳ ಒರಟು ದನಿ ಕೋಣೆ ತುಂಬುತ್ತಿತ್ತು. ನೂರೀನ ಕೆಮ್ಮಿದಳು. ಸ್ಪೀಕರಿನೊಳಗೆ ಕಾಶಿಬಾಯಿ ಕೆಮ್ಮಿದಳು. ಆ ಕಡೆಯ ರೈತ “ಅವ್ವಾ, ಆರಾಮ ಇಲ್ಲೇನು?” ಎಂದು ಕಳವಳದಿಂದ ಕೇಳಿದ. ಸುಲಭಾ ತನಗೆ ತಿಳಿಯದೆಯೇ ಒಂದು ಹೆಜ್ಜೆ ಹಿಂದೆ ಸರಿದಿದ್ದಳು.

“ಭೀಮಶಾ ಕಾಕಾನ ಕರೆ ಯಾರು ತಗೋತೀರಿ?” ಎಂದಳು.

ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಗುಲನಾಜ ಹೆಡ್‌ಫೋನು ತೆಗೆದು ಎದ್ದು ನಿಂತಳು. ಕಣ್ಣು ಆಗಲೇ ತುಂಬಿದ್ದವು.

“ನಾನೇ ತಗೋತಿದ್ದೆ ಮೇಡಮ್. ಕಾಕಾ ಏನೂ ಕೇಳ್ತಿದ್ದಿಲ್ಲ. ಬರೀ ಉಸಿರು ಬಿಡೂದು ಕೇಳ್ತಿತ್ತು. ನಂಗ ತಡಕೊಳ್ಳಾಕ ಆಗ್ಲಿಲ್ಲ. ಊಟಾ ಆತೇನ್ರಿ ಅಂದುಬಿಟ್ಟೆ. ಗಲತ್ ಆತು, ಮಾಫ್ ಮಾಡ್ರಿ. ಆಮ್ಯಾಲ ದಿನಾ ಕಾಕಾ ಅದೊಂದು ಮಾತಿಗೇ ಕಾಯ್ತಾರಂತ ಗೊತ್ತಾತು.”

“ಗುಲನಾಜ!” ಎಂದು ಗದರಿದ ಸುಶಾಂತ.

ಸುಲಭಾ ಕೈಯೆತ್ತಿ ಅವನನ್ನು ತಡೆದಳು. “ಮುಂಜಾನಿ ಪುಣೆದವ್ರ ಮಾತು ನೀನೇ ಆಡಿದ್ಯಾ?”

“ಅಲ್ಲಾ ಕೀ ಕಸಮ್, ಇಲ್ರಿ. ಅತುಲ ಸರ್ ಕಾಣದಂಗ ಆದಾಗಿಂದ ಕಾಕಾನ ಕರೆ ನನಗ ಬರಾಕತ್ತಿಲ್ಲ.”

“ಮತ್ತ ಯಾರಿಗೆ ಹೋಗ್ತದ?”

ಗುಲನಾಜ ತಲೆ ತಗ್ಗಿಸಿದಳು.

“ಇವರಿಬ್ಬರೇ ಇರೂದು,” ಎಂದ ಸುಶಾಂತ. “ಮೂರನೆಯವ್ರು ಯಾರೂ ಇಲ್ಲ.” ಅದನ್ನು ತೋರಿಸಲೆಂದೇ ಗೋಡೆಯ ಪರದೆಯ ಮೇಲೆ ಕರೆಗಳ ಪುಟ ತೆರೆದ. ತೆರೆದವನು ಹಾಗೆಯೇ ನಿಂತುಬಿಟ್ಟ.

ನೂರೀನ ಎಂಬ ಹೆಸರಿನ ಮುಂದೆ ಹಸಿರು ಚುಕ್ಕೆ. ಗುಲನಾಜ ಎಂಬ ಹೆಸರಿನ ಮುಂದೆ ಹಸಿರು ಚುಕ್ಕೆ. ಅದರ ಕೆಳಗೆ ಮತ್ತೊಮ್ಮೆ ಗುಲನಾಜ. ಅದರ ಮುಂದೆಯೂ ಹಸಿರು ಚುಕ್ಕೆ.

“ನಿನ್ನ ಹೆಸರಲೆ ಹೊರಗಿಂದ ಯಾರು ಕುಂತಾರ?” ಸುಶಾಂತನ ದನಿ ಒಡೆಯಿತು. “ಪಾಸ್‌ವರ್ಡ್ ಯಾರಿಗೆ ಕೊಟ್ಟಿ?”

ಗುಲನಾಜ ತಲೆ ಎತ್ತಲಿಲ್ಲ. ಓಡಣಿಯ ಸೆರಗನ್ನು ಬೆರಳಿಗೆ ಸುತ್ತಿಕೊಂಡು, ತುಟಿ ಕಚ್ಚಿಕೊಂಡು ನಿಂತಳು. ಹೆದರಿದವಳ ಮೌನ ಅದಲ್ಲ, ಯಾರಿಗೋ ಮಾತು ಕೊಟ್ಟವಳ ಮೌನ ಎಂದು ಸುಲಭಾಳಿಗೆ ಅನಿಸಿತು. ಅವಳನ್ನು ಈಗ ಒತ್ತಾಯಿಸಿದರೆ ಏನೂ ಸಿಗದು.

ಸುಲಭಾ ಸುಶಾಂತನತ್ತ ತಿರುಗಿದಳು. “ಪುಣೆ ತಂಡ ಇಲ್ಲಿಗೆ ಬಂದಾಗ ಏನಾತು? ಖರೇ ಹೇಳ್ರಿ. ಅಧ್ಯಯನ, ಪ್ರವಾಸ ಅನ್ನೂದು ಬಿಟ್ಟು.”

ಸುಶಾಂತ ಕುರ್ಚಿಗೆ ಕುಸಿದ. ಇಷ್ಟು ಹೊತ್ತು ಹಿಡಿದಿಟ್ಟ ನಗು ಪೂರ್ತಿ ಹೋಗಿತ್ತು.

“ಅವರು ಬರೀ ನೋಡಾಕ ಬಂದಿರಲಿಲ್ಲ ಮೇಡಮ್. ಊರೂರು ಕಂಪನಿ ನೋಡೂದು, ಗುಡಿ ದರ್ಗಾ ನೋಡೂದು, ಎಲ್ಲಾ ಮ್ಯಾಲಿನ ತೋರಿಕಿ. ಈ ಮುಸುಕನ್ನ ಖರೀದಿ ಮಾಡಾಕ ಬಂದಿದ್ರು. ರೈತರ ಸಲುವಾಗಿ ಅಲ್ಲ. ಯಾರ ದನಿ ಬೇಕಾದ್ರೂ ಹಿಂಗ ಮಾಡಬಹುದಲ್ಲ? ನಿಮ್ಮ ದನಿ, ನನ್ನ ದನಿ, ನಿಮ್ಮ ತಾಯಿ ದನಿ. ಹಂಗ ಯಾರದೋ ದನ್ಯಾಗ ಯಾರಿಗೋ ಫೋನ್ ಮಾಡಿದ್ರ ಏನೇನು ಮಾಡಸಬಹುದು, ಯೋಚನಿ ಮಾಡ್ರಿ.”

ಸುಲಭಾ ಯೋಚಿಸಿದಳು.

“ನೀವು ಒಪ್ಪಿದ್ರಿ?”

“ಒಪ್ಪಿದ್ದೆ. ಮದಲು ಅಷ್ಟು ತಿಳೀಲಿಲ್ಲ. ಅತುಲ ಸರ್ ಸರಸಂಬಾಕ್ಕ ಹೋಗಿ ಬಂದ ಮ್ಯಾಲ ಬ್ಯಾಡ ಅಂದ್ರು. ಸತ್ತಾಕಿ ದನಿ, ಗಂಡನ ಒಪ್ಪಿಗಿ ಕೇಳಿಲ್ಲ, ಇದು ಪಾಪದ ಕೆಲಸಾ, ಕಂಪನಿಗೆ ಹಂಗೇ ಬರೀತೀನಿ ಅಂದ್ರು. ಇಲ್ಲೇ, ಈ ಖೋಲ್ಯಾಗ ನಿಂತು ಇಬ್ಬರೂ ಜಗಳಾಡಿದ್ರು.”

“ಇಬ್ಬರೂ ಅಂದ್ರ ನೀವೂ ಅತುಲರೂ?”

“ನಾನಲ್ರಿ. ಅವರವರೇ. ಅಮಿತಾ ಮೇಡಮ್ ಬೇಕೇ ಬೇಕು ಅಂದ್ರು. ಅತುಲ ಸರ್ ಬ್ಯಾಡ ಅಂದ್ರು. ಮರುದಿನ ಎಲ್ಲಾರೂ ಗಾಣಗಾಪುರಕ್ಕ ಹೋದ್ರು.”

ಈ ಜಗಳದ ಸುದ್ದಿಯನ್ನು ಅಮಿತಾ ತನಗೆ ಹೇಳಿರಲಿಲ್ಲ. ಕೆಲಸದ ಮಾತು, ಮುಚ್ಚಿಟ್ಟಿರಬಹುದು ಎಂದುಕೊಂಡಳು ಸುಲಭಾ. ಆದರೂ ಆ ಸಣ್ಣ ಸಂಗತಿ ಮನಸ್ಸಿನಲ್ಲಿ ಕಲ್ಲಿನ ಹರಳಿನಂತೆ ಒತ್ತತೊಡಗಿತು. ಮೊದಲು ಈ ಮೂರನೆಯ ಚುಕ್ಕೆ ಯಾರದೆಂದು ತಿಳಿಯಬೇಕು. ಉಳಿದದ್ದು ಆಮೇಲೆ.

“ಮುಸುಕು ತಗದ್ರ ಏನಾಗ್ತದ?” ಎಂದು ಕೇಳಿದಳು.

“ಕರೆ ಕಡಿಯಂಗಿಲ್ಲ. ಮಾತಾಡವ್ರ ಖರೇ ದನಿ ಕೇಳ್ತದ.”

“ಹಂಗಾದ್ರ ನಾ ಹೇಳಿದಾಗ ತಗೀರಿ.”

ಸುಲಭಾ ಅಮಿತಾಳಿಗೆ ಫೋನು ಮಾಡಿದಳು. ಅಮಿತಾ ಕೂಡಲೇ ಎತ್ತಿದಳು. ಕಾಕಾ ಉಂಡು ಕೂತಿದ್ದಾನೆ, ಎಲ್ಲ ಸರಿಯಿದೆ ಎಂದಳು. ಸ್ವಲ್ಪ ಹೊತ್ತಿನಲ್ಲಿ ಆ ಫೋನಿನ ಮೂಲಕ ಸರಸಂಬಾದ ಹೊಲದ ಗಾಳಿ, ಹೊರಸಿನ ಕಿರುಗುಟ್ಟು, ಅದರ ಹಿಂದೆ ಭೀಮಶಾ ಹಚ್ಚಿದ ಕರೆಯ ಗುಂಯ್‌ಗಾಟ ಕೇಳಿಸಿತು.

ನಮಸ್ಕಾರ್ರಿ, ನೆಲದನಿಗೆ ಬಂದೀರಿ.

ಭೀಮಶಾ ಎಂದಿನಂತೆ ಸುಮ್ಮನಿದ್ದ. ಯಂತ್ರ ತನ್ನ ಮಾತನ್ನು ಮತ್ತೆ ಹೇಳಿತು, ಮತ್ತೆ ಹೇಳಿತು. ಟಿಕ್.

ಸುಲಭಾ ನೂರೀನಳನ್ನೂ ಗುಲನಾಜಳನ್ನೂ ನೋಡಿದಳು. ಇಬ್ಬರ ಹೆಡ್‌ಫೋನೂ ಮೇಜಿನ ಮೇಲಿದ್ದವು. ಇಬ್ಬರ ಬಾಯಿಯೂ ಮುಚ್ಚಿತ್ತು.

“ಮುಂಜಾನಿಂದ ಕಾಯಾಕತ್ತಿದ್ದೆ,” ಎಂದಳು ಕಾಶಿಬಾಯಿ. ಅವಳ ಹಿಂದೆ ಗಿರಣಿಯ ಸದ್ದು ನಿಂತಿತ್ತು. ಈಗ ಬರೀ ಪಾರಿವಾಳಗಳ ಗುಟುರು. “ಆರಾಮ ಅದೀರಲ್ರಿ?”

ನೂರೀನ ಬಾಯಿಗೆ ಕೈ ಅಡ್ಡ ಹಿಡಿದಳು. ಸುಶಾಂತ ಪರದೆಯತ್ತ ಬೆರಳು ಮಾಡಿದ. ಎರಡನೆಯ ಗುಲನಾಜಳ ಮುಂದಿನ ಚುಕ್ಕೆ ಕೆಂಪಾಗಿ ಮಿನುಗುತ್ತಿತ್ತು.

“ಆರಾಮ ಅದೀನಿ ಬೇ,” ಎಂದ ಭೀಮಶಾ ಆ ಕಡೆಯಿಂದ. ಆಮೇಲೆ, ಯಾರೂ ಹೇಳಿಕೊಡದೆ ಅವನೇ ಕೇಳಿದ: “ಕಾಶೀ, ನೀ ಎಲ್ಲಿದ್ದಿ?”

ಉಸಿರು. ಅಳು ನುಂಗಿದಂಥ ಒಂದು ಸಪ್ಪಳ.

“ತಗೀರಿ,” ಎಂದಳು ಸುಲಭಾ.

“ಮೇಡಮ್, ಬ್ಯಾಡ್ರಿ!” ಎಂದು ಗುಲನಾಜ ಮುಂದೆ ನುಗ್ಗಿದಳು. ಅಷ್ಟರಲ್ಲಿ ಸುಶಾಂತನ ಕೈ ಕೀಲಿಮಣೆಯ ಮೇಲೆ ಬಿದ್ದಿತ್ತು.

“ನಾ ಎಲ್ಲಿದ್ದೀನಿ ಅನ್ನೂದು ಈಗ ಹೇಳಾಕ ಬರಂಗಿಲ್ರಿ,” ಎನ್ನುತ್ತಿದ್ದಳು ಕಾಶಿಬಾಯಿ. “ಆದ್ರ ನಿಮ್ಮನ್ನ...”

ದನಿ ನಡುವೆಯೇ ಹರಿಯಿತು. ಹಳೆಯ ಕೌದಿ ಹರಿದು ಒಳಗಿನ ಬಟ್ಟೆ ಕಂಡಂತೆ ಅದರೊಳಗಿಂದ ಬೇರೊಂದು ದನಿ ಹೊರಬಂತು.

“...ಒಬ್ಬರನ್ನೇ ಬಿಡಂಗಿಲ್ಲ, ಕಾಳಜಿ ಮಾಡಬ್ಯಾಡ್ರಿ.”

ಗಂಡಸಿನ ದನಿ.

ಮಂಜರಿ ಕಳಿಸಿದ ವಿಡಿಯೋಗಳಲ್ಲಿ ಸುಲಭಾ ಆ ದನಿಯನ್ನು ಮತ್ತೆ ಮತ್ತೆ ಕೇಳಿದ್ದಳು. ಮಗಳ ಹುಟ್ಟುಹಬ್ಬದಲ್ಲಿ ಹಾಡಿದ ದನಿ. ಪುಣೆಯ ರಾಗ ಬೆರೆತ ಅಜ್ಜಿಯ ಕನ್ನಡ.

“ಅತುಲ!” ಎಂದು ಕೂಗಿದಳು. “ಅಮಿತಾ, ಕೇಳಿಸ್ತೇನು? ಅದು ಅತುಲ! ಜೀವಂತ ಅದಾನ! ಫೋನ್ ಹತ್ರ ಹಿಡೀರಿ, ಅಮಿತಾ!”

ಸುಲಭಾಳ ಕೂಗು ಅಮಿತಾಳ ಫೋನಿನಿಂದ ಹೊರಟು, ಹೊರಸಿನ ಮೇಲಿನ ಫೋನಿನೊಳಗೆ ಹೊಕ್ಕು, ಎಲ್ಲೋ ಪಾರಿವಾಳಗಳಿರುವ ಕತ್ತಲ ಕೋಣೆಯನ್ನು ಮುಟ್ಟಿರಬೇಕು. ಅತುಲನ ಉಸಿರು ಸಿಕ್ಕಿಹಾಕಿಕೊಂಡಿತು.

“ಯಾರದು? ಅಮಿತಾ ಅಂತ ಕರದ್ರೇನು?” ಎಂದ. ಆಮೇಲೆ ಅವನ ಮಾತು ಒಂದರ ಮೇಲೊಂದು ಬಿದ್ದವು. “ಕಾಕಾ, ಆಕಿ ಅಲ್ಲೇ ಅದಾಳೇನು? ನಿಮ್ಮ ಬಾಜೂಕ? ಕಾಕಾ, ಏಳ್ರಿ. ಊರ ಕಡೆ ಓಡ್ರಿ, ಮಂದಿ ಇರೂ ಕಡೆ ಓಡ್ರಿ. ಸಂಗಮದಾಗ ನನ್ನನ್ನ ನೀರಿಗೆ ದಬ್ಬಿದಾಕಿ ಆಕಿನೇ!”

ಏನೋ ಕೆಳಗೆ ಬಿದ್ದ ಸದ್ದು. ಹೊರಸು ಕಿರ್ರೆಂದಿತು. ಭೀಮಶಾ ಏನೋ ಹೇಳಲು ಹೋದ. ಮಾತು ಪೂರ್ತಿಯಾಗಲಿಲ್ಲ. ಗೋಡೆಯ ಪರದೆಯ ಮೇಲೆ ಕೆಂಪು ಚುಕ್ಕೆ ಆರಿತು.

“ಕಾಕಾ!” ಎಂದು ಚೀರಿದಳು ಗುಲನಾಜ.

ಸುಲಭಾಳ ಕೈಯಲ್ಲಿನ ಫೋನು ಮಾತ್ರ ಇನ್ನೂ ಬದುಕಿತ್ತು. ಅದರೊಳಗೆ ಹೊಲದ ಗಾಳಿ ಬೀಸುತ್ತಿತ್ತು. ಯಾರೋ ನಿಧಾನವಾಗಿ ನಡೆದು ಬಂದು ಆ ಕಡೆಯ ಫೋನನ್ನು ಕಿವಿಗೆ ಹಿಡಿದುಕೊಂಡರು.

“ಸುಲಭಾ,” ಎಂದಳು ಅಮಿತಾ, ಎಂದಿನ ಅದೇ ಮೃದು ದನಿಯಲ್ಲಿ. “ಇಲ್ಲಿ ನೆಟ್‌ವರ್ಕ್ ಸರಿ ಇಲ್ಲ. ನೀವು ಏನಂದ್ರಿ ಅನ್ನೂದು ನಂಗ ಕೇಳಿಸಲೇ ಇಲ್ಲ.”